ಫೋರ್ಕ್‌ಲಿಫ್ಟಿನ ಮೇಲೆ ಅವ್ವ, ಕೆಳಗೆ ಗುಡ್ಡಪ್ಪ

ಹೂಂ ಅನ್ನುವವರು ಹೂಂ ಅನ್ನಿ, ಸೀನುವವರು ಆಮೇಲೆ ಸೀನಿ, ಕೈ ಮಾತ್ರ ನಿಲ್ಲಿಸಬೇಡಿ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳುವ ಕತೆ ಇದು. ನಿಮ್ಮ ಕೈ ನಿಂತರೆ ನನ್ನ ಬಾಯಿಯೂ ನಿಲ್ಲುತ್ತದೆ, ಈಗಲೇ ಹೇಳಿಬಿಟ್ಟೆ.

ಬ್ಯಾಡಗಿಯಲ್ಲಿ ಫಕ್ಕೀರವ್ವ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಗುಡ್ಡಪ್ಪ. ಇಪ್ಪತ್ತಾರು ವರ್ಷದ ಗಂಡಸು, ಎರಡು ಚೀಲ ಒಟ್ಟಿಗೆ ಹೊರುವ ಬೆನ್ನು, ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ. ಹೇಳಿದ ಮಾತು ಮೀರಿದವನಲ್ಲ. ಅದೇ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

ಒಮ್ಮೆ ಫಕ್ಕೀರವ್ವ ಅಂಗಳದಲ್ಲಿ ಹಪ್ಪಳ ಒಣ ಹಾಕಿ, "ಕಾಗಿ ಬಂದ್ರ ಓಡಸಪಾ" ಅಂದು ಸಂತೆಗೆ ಹೋದಳು. ಬಂದು ನೋಡಿದರೆ ಒಂದು ಹಪ್ಪಳವೂ ಇಲ್ಲ. ಮಗ ಕೋಲು ಹಿಡಿದು ಕೂತೇ ಇದ್ದಾನೆ.

"ಎಲ್ಲಿ ಹ್ವಾದುವೋ ಹಪ್ಪಳ?"

"ಆಡು ತಿಂತಬೇ."

"ನೀ ಏನ ಮಾಡಾಕತ್ತಿದ್ದಿ?"

"ಕಾಗಿ ಕಾಯಾಕತ್ತಿದ್ದೆ. ಒಂದೂ ಬರಲಿಲ್ಲ!"

ಫಕ್ಕೀರವ್ವ ಹಣೆ ಹಣೆ ಬಡಿದುಕೊಂಡಳು. "ನಾ ಹ್ವಾದ ಮ್ಯಾಲ ಇವಂಗ ಹೇಳೋರು ಯಾರು? ಹೇಳಿದ್ರೂ ಇವಂಗ ತಿಳಿಯೂ ಹಂಗ ಹೇಳೋರು ಯಾರು?" ಅಂತ ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಅವಳಿಗೆ ಇದ್ದ ಚಿಂತೆ ಅದೊಂದೇ, ಉಂಡರೂ ಅದೇ, ಮಲಗಿದರೂ ಅದೇ. ನನ್ನನ್ನು ಕೇಳಿದರೆ ಹುಡುಗನದು ತಪ್ಪಿಲ್ಲ. ಲೋಕದ ಮಂದಿ ಮಾತನ್ನು ಅರ್ಧ ಹೇಳುತ್ತಾರೆ, ಉಳಿದರ್ಧವನ್ನು ಕೇಳುವವನೇ ಹಾಕಿಕೊಳ್ಳಬೇಕು. ಗುಡ್ಡಪ್ಪ ಹಾಕಿಕೊಳ್ಳುತ್ತಿರಲಿಲ್ಲ. ಅಂಥವನಿಗೆ ನಾವು ಪೆದ್ದ ಅನ್ನುತ್ತೇವೆ, ನಾವೆಲ್ಲ ಬಹಳ ಶಾಣ್ಯಾರು ನೋಡಿ!

ಫಕ್ಕೀರವ್ವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹರಿದ ಚೀಲ ಹೊಲಿಯುತ್ತಿದ್ದಳು. ಯಾವುದು ಅಂತ ಕೇಳಬೇಡಿ, ಊರ ತುಂಬ ಇವೆ. ಒಳಗೆ ಕೈ ಸೆಟೆಯುವ ಚಳಿ. ಅಲ್ಲಿ ಚೀಲಗಳನ್ನು ಅಟ್ಟದ ಮೇಲೆ ಅಟ್ಟ ಪೇರಿಸಿಟ್ಟರೆ ಮೆಣಸಿನಕಾಯಿ ವರ್ಷಗಟ್ಟಲೆ ಕೆಂಪಗೆ ಇರುತ್ತದೆ. ಚೀಲ ಎತ್ತಲಿಕ್ಕೆ ಫೋರ್ಕ್‌ಲಿಫ್ಟ್ ಇದೆ. ಮುಂದೆ ಎತ್ತರದ ಕಬ್ಬಿಣದ ಕಂಬ, ಕಂಬಕ್ಕೆ ಎರಡು ಕೋಡು, ಕೋಡಿನ ಮೇಲೆ ಕಟ್ಟಿಗೆಯ ಹಲಗೆ. ಹಿಡಿಕೆ ಹಿಂದಕ್ಕೆ ಎಳೆದರೆ ಹಲಗೆ ಮೇಲೆ, ಮುಂದಕ್ಕೆ ನೂಕಿದರೆ ಕೆಳಗೆ. ಎಲ್ಲವೂ ಎಣ್ಣೆಯ ಬಲ. ಅದನ್ನು ಓಡಿಸುವವನು ಖಾದರಸಾಬ. ಫಕ್ಕೀರವ್ವ ಅವನ ಕೈಕಾಲು ಹಿಡಿದು, ಗುಡ್ಡಪ್ಪನನ್ನು ಅವನ ಜೊತೆಗೆ ಕೆಲಸಕ್ಕೆ ಹಚ್ಚಿದಳು.

ಮೊದಲನೆಯ ದಿನ ಖಾದರಸಾಬ ಹೇಳಿದ, "ಗಾಡಿ ಹಿಂದ ಬರೂಮುಂದ ಹಿಂದಿದ್ದವರಿಗೆ ಸಿಳ್ಳು ಹೊಡಿ."

ಗಾಡಿ ಹಿಂದಕ್ಕೆ ಬಂತು. ಹಿಂದೆ ಇದ್ದವರು ನಾವು, ಬುಟ್ಟಿ ಹೊತ್ತ ಹೆಂಗಸರು. ಗುಡ್ಡಪ್ಪ ಎರಡು ಬೆರಳು ಬಾಯಿಗೆ ಹಾಕಿದ, ನಮ್ಮ ಮುಖವನ್ನೇ ನೋಡಿದ, ಸುಂಯ್ ಅಂತ ಸಿಳ್ಳು ಹೊಡೆದ!

ಮೊದಲು ಬಿದ್ದದ್ದು ನನ್ನ ಬುಟ್ಟಿಯೇ, ಅವನ ಬೆನ್ನ ಮೇಲೆ. ಫಕ್ಕೀರವ್ವ ಓಡಿ ಬಂದಳು. "ನಾಚಿಕಿ ಬರಲಿಲ್ಲೇನೋ! ಹೆಣ್ಮಕ್ಕಳು ಬಂದ್ರ ಕೈ ಮುಗದು ಬದೀಗೆ ನಿಂದ್ರಬೇಕು!"

"ಹೂಂ ಬೇ."

ಎರಡನೆಯ ದಿನ ಗಾಡಿ ಹಿಂದಕ್ಕೆ ಬಂತು. ನಾವು ಹಿಂದೆ ಬಂದೆವು. ಗುಡ್ಡಪ್ಪ ಕೈ ಮುಗಿದ, ಬದಿಗೆ ಸರಿದ, ತಲೆ ಬಾಗಿಸಿ ನಿಂತ! ನಾವು ಹಾರಿಕೊಂಡೆವು, ನಮ್ಮ ಚಹಾದ ಕಿಟ್ಲಿ ಹಾರಲಿಲ್ಲ. ಗಾಲಿಯ ಕೆಳಗೆ ಚಪಾತಿಯಾಯಿತು.

"ಕೈ ಮುಗದ್ರ ಗಾಡಿ ನಿಂದ್ರತೈತೇನೋ!" ಅಂದ ಖಾದರಸಾಬ. "ಗಾಡಿ ಬಂತಂದ್ರ ಎರಡೂ ಕೈ ಮ್ಯಾಲೆತ್ತಿ 'ತಡೀ' ಅಂತ ಒದರಬೇಕು!"

"ಹೂಂ ಅಣ್ಣಾ."

ಮೂರನೆಯ ದಿನ ಗುಡ್ಡಪ್ಪ ಮತ್ತು ಒಬ್ಬ ಹಮಾಲಿ ಕೂಡಿ ಒಂದು ಚೀಲದ ಎರಡು ತುದಿ ಹಿಡಿದು ಹೊರಟಿದ್ದರು. ದೂರದಲ್ಲಿ ಗಾಡಿ ಬಂತು. ಗುಡ್ಡಪ್ಪ ಎರಡೂ ಕೈ ಮೇಲೆತ್ತಿದ, "ತಡೀ!" ಅಂದ. ಗಾಡಿ ನಿಂತಿತು. ಚೀಲ ಎಲ್ಲಿ ನಿಲ್ಲಬೇಕು? ಹಮಾಲಿಯ ಕಾಲಿನ ಮೇಲೆ ಬಿತ್ತು.

ಫಕ್ಕೀರವ್ವ ಮಗನ ಕಿವಿ ಹಿಂಡಿದಳು. "ಹಿಡದದ್ದನ್ನ ಬಿಡಬಾರದೋ! ಏನ ಹಿಡದ್ರೂ ಗಟ್ಟಿ ಹಿಡಿ! ಯಾರ ಏನಂದ್ರೂ ಬಿಡಬ್ಯಾಡ!"

"ಹೂಂ ಬೇ. ಬಿಡಂಗಿಲ್ಲ."

ಈ ಮಾತು ತನ್ನ ಜೀವಕ್ಕೇ ಬರುತ್ತದೆ ಅಂತ ಆಕೆಗೇನು ಗೊತ್ತು!

ನಾಲ್ಕನೆಯ ದಿನ. ಪೇಟೆ ಇಲ್ಲದ ದಿನ, ಹಮಾಲರು ಯಾರದೋ ಮದುವೆಗೆ ಹೋಗಿದ್ದರು. ನಾವೂ ಇರಲಿಲ್ಲ. ಕಾವಲುಗಾರ ಒಲೆಯ ಮೇಲೆ ಚಹಾ ಬಿಟ್ಟು ಊಟಕ್ಕೆ ಎದ್ದಿದ್ದ. ಮೂರನೆಯ ಅಟ್ಟದಲ್ಲಿ ಒಂದು ಚೀಲ ಹರಿದು ಮೆಣಸಿನಕಾಯಿ ಸುರಿಯುತ್ತಿತ್ತು. ಮನುಷ್ಯರನ್ನು ಈ ಗಾಡಿಯ ಮೇಲೆ ಎತ್ತಬಾರದು ಅಂತ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಬರೆದದ್ದನ್ನು ಓದುವ ವ್ಯವಧಾನ ಯಾರಿಗಿದೆ! "ಐದು ನಿಮಿಷದ ಕೆಲಸ, ಹತ್ತು ಅಕ್ಕಾ" ಅಂದ ಖಾದರಸಾಬ. ಫಕ್ಕೀರವ್ವ ದಬ್ಬಣ, ಸುತಲಿ ಹಿಡಿದು ಹಲಗೆಯ ಮೇಲೆ ಕೂತಳು. ಹೊಲಿಯಲಿಕ್ಕೆ ಅಡ್ಡ ಬರುತ್ತದೆ ಅಂತ ಉಣ್ಣೆಯ ಕೋಟನ್ನೂ ಬಾಗಿಲ ಹೊರಗೆ ಗೂಟಕ್ಕೆ ಹಾಕಿ ಬಂದಿದ್ದಳು.

ಖಾದರಸಾಬ ಕೆಳಗೆ ನಿಂತು ಎತ್ತರ ನೋಡಬೇಕಿತ್ತು. "ಗುಡ್ಡ್ಯಾ, ನೀ ಕುಂಡ್ರು. ಹಿಡಿಕಿ ಹಿಂದ ಎಳದು ಹಿಡಿ. ನಾ ಬಿಡು ಅಂದ ಕೂಡ್ಲೆ ಬಿಡು."

ಗುಡ್ಡಪ್ಪ ಹಿಡಿದ. ಒಂದನೆಯ ಅಟ್ಟ ಹೋಯಿತು, ಎರಡನೆಯದು ಹೋಯಿತು, ಮೂರನೆಯದು ಬಂತು.

"ಬಿಡು!"

ಬಿಡಲಿಲ್ಲ.

"ಬಿಡೋ!"

"ಯಾರ ಏನಂದ್ರೂ ಬಿಡಬ್ಯಾಡ ಅಂದಾಳ ನಮ್ಮವ್ವ!"

"ನಾನ ಹೇಳಾಕತ್ತೀನಿ, ಬಿಡೋ ಯಪ್ಪಾ!" ಅಂತ ಮೇಲಿನಿಂದ ಅವ್ವನೇ ಕೂಗಿದಳು.

"ಯಾರ ಏನಂದ್ರೂ ಅಂದ್ರ ನೀನೂ ಬಂದ್ಯಲ್ಲಬೇ!"

ಹಲಗೆ ಐದನೆಯ ಅಟ್ಟ ದಾಟಿತು, ಸೂರಿನ ಹತ್ತಿರ ಹೋಯಿತು, ಕಂಬದ ತುದಿಗೆ ಧಡಲ್ ಅಂತ ಬಡಿದು ನಿಂತಿತು. ಖಾದರಸಾಬ ಅವನನ್ನು ದಬ್ಬಿ ತಾನು ಕೂತು ಹಿಡಿಕೆಯನ್ನು ಮುಂದಕ್ಕೆ ನೂಕಿದ. ಇಳಿಯಲಿಲ್ಲ. ಮತ್ತೆ ನೂಕಿದ. ಕಂಬ ಕಮಕ್ ಕಿಮಕ್ ಅನ್ನಲಿಲ್ಲ. ಅವನ ಮುಖ ಬಿಳುಚಿತು. ಇಪ್ಪತ್ತು ಅಡಿ ಮೇಲೆ, ಹಿಡಿಯಲಿಕ್ಕೆ ಏನೂ ಇಲ್ಲದ ಹಲಗೆ, ಆ ಚಳಿ, ಒಂದು ಸೀರೆ. ಮೆಣಸಿನ ಧೂಳು ಕುಡಿದು ಕುಡಿದು ಫಕ್ಕೀರವ್ವನ ಎದೆ ಮೊದಲೇ ಸೊರಗಿತ್ತು. ಒಂದು ತಾಸು ಅಲ್ಲಿ ಕೂತರೆ ಕೈ ಸೋತು ಬೀಳುತ್ತಾಳೆ ಅಂತ ಯಾರೂ ಹೇಳಬೇಕಿರಲಿಲ್ಲ.

ಆ ಕೋಣೆಯ ದಪ್ಪ ಗೋಡೆಯೊಳಗೆ ಫೋನು ಹತ್ತುವುದಿಲ್ಲ. ಖಾದರಸಾಬ ಹೊರಗೆ ಓಡಿ ಮಿಸ್ತ್ರಿ ನೇಮಣ್ಣನಿಗೆ ಫೋನು ಹಚ್ಚಿದ. ನೇಮಣ್ಣ ಮೋಟೆಬೆನ್ನೂರಿನಲ್ಲಿದ್ದ, ಅವನ ಬೈಕು ಪಂಚರ್. "ನಾ ಹೋಗಿ ಮಿಸ್ತ್ರಿನ್ನ ಕರಕೊಂಡ ಬರ್ತೀನಿ," ಅಂದ ಖಾದರಸಾಬ. "ನಿನ್ನ ನಂಬರ ಕೊಟ್ಟೀನಿ, ಅಂವ ಫೋನ್ ಮಾಡ್ತಾನ. ಫೋನ್ ಬಾಗಿಲ ಹೊರಗ ಸ್ಟೂಲಿನ ಮ್ಯಾಲ ಇಡು. ನಾ ಬರೂತನಕ ಯಾರನ್ನೂ ಕೆಳಗ ಬಿಡಬ್ಯಾಡ. ತಿಳೀತಿಲ್ಲೋ? ಯಾರನ್ನೂ ಕೆಳಗ ಬಿಡಬ್ಯಾಡ!"

ಹಲಗೆಯ ಕೆಳಗೆ ಯಾರೂ ಸುಳಿಯಬಾರದು ಅಂತ ಅವನ ಅರ್ಥ. ಅರ್ಧ ಹೇಳಿ ಬೈಕ್ ಹತ್ತಿದ.

ಈಗ ಅಷ್ಟು ದೊಡ್ಡ ಗೋದಾಮಿನಲ್ಲಿ ಇಬ್ಬರೇ. ಮೇಲೆ ಅವ್ವ, ಕೆಳಗೆ ಮಗ.

"ಗುಡ್ಡ್ಯಾ, ಆ ಮೂಲ್ಯಾಗ ಉದ್ದನ ಏಣಿ ಐತಿ ನೋಡು. ತಂದು ಹಚ್ಚು. ನಾ ಮೆಲ್ಲಕ ಇಳೀತೀನಿ."

"ಇಲ್ಲಬೇ."

"ಯಾಕೋ?"

"ಯಾರನ್ನೂ ಕೆಳಗ ಬಿಡಬ್ಯಾಡ ಅಂದಾನ ಖಾದರಣ್ಣ!"

"ಅಯ್ಯ ನನ್ನ ಶಿವನ! ನಾ ನಿನ್ನವ್ವೋ!"

"ಎರಡ ಸಲ ಹೇಳ್ಯಾನಬೇ. ನೀ ಇಳದ್ರ ನಾ ಬಿಡಂಗಿಲ್ಲ."

ಫಕ್ಕೀರವ್ವ ಅತ್ತಳು, ಬೈದಳು, ಆಣೆ ಹಾಕಿದಳು. ಮಗ ಏಣಿಗೆ ಅಡ್ಡವಾಗಿ ನಿಂತ. ಅವನ ಕಣ್ಣಲ್ಲೂ ನೀರು. ಅವ್ವ ಬೇಕು, ಮಾತೂ ಬೇಕು, ಏನು ಮಾಡಿಯಾನು! ಚಳಿ ಆಕೆಯ ಬೆನ್ನಿಗೆ ಇಳಿಯಿತು, ಹಲ್ಲು ಕಟಕಟ ಅನ್ನತೊಡಗಿತು.

"ಹೋಗ್ಲಿ, ನನ್ನ ಕೋಟು ಗೂಟಕ್ಕ ಐತಿ. ಅದನ್ನ ಮ್ಯಾಲ ಒಗಿ. ಲಗೂ ಒಗಿ ಮಗನ, ಥಂಡಿಗೆ ಸಾಯಾಕತ್ತೀನಿ."

ಗುಡ್ಡಪ್ಪ ಓಡಿದ. ಬರಲಿಲ್ಲ. ಆಕೆ ಎಣಿಸುತ್ತ ಕೂತಳು, ನೂರಾಯಿತು, ಇನ್ನೂರಾಯಿತು. ಆಮೇಲೆ ಬಂದ, ತೋಳು ತೊಯ್ದಿದೆ, ಕೋಟಿನಿಂದ ನೀರು ಸುರಿಯುತ್ತಿದೆ.

"ಏನ ಮಾಡಿದ್ಯೋ ಇದಕ್ಕ!"

"ಒಗದೀನಿ ಬೇ. ಮ್ಯಾಲ ಒಗಿ ಅಂದಿ. ಮ್ಯಾಲಿಂದಷ್ಟ ಒಗದೀನಿ, ಒಳಗಿನ ಅಸ್ತರಕ್ಕ ನೀರು ಮುಟ್ಟಿಸಿಲ್ಲ!"

ನೀವು ನಗುತ್ತೀರಿ. ಆಕೆಗೆ ನಗು ಬರಲಿಲ್ಲ. "ಇನ್ನ ನಾ ಏನೂ ಹೇಳೂದಿಲ್ಲ," ಅಂದಳು, ಆದರೂ ಹೇಳಿದಳು. "ಮಿಸ್ತ್ರಿ ಫೋನ್ ಮಾಡ್ತಾನ. ಅಂವಗ ಎಲ್ಲಾ ಗೊತ್ತೈತಿ. ಅಂವ ಹೇಳಿದ್ದನ್ನ ಒಂದಕ್ಷರ ಬಿಡದಂಗ ಮಾಡು!"

"ಹೂಂ ಬೇ. ಒಂದಕ್ಷರ ಬಿಡಂಗಿಲ್ಲ."

ಫೋನು ಬಂತು. ನೇಮಣ್ಣ ದಾರಿಯ ಬದಿಗೆ ಖಾದರಸಾಬನ ದಾರಿ ಕಾಯುತ್ತಿದ್ದ. "ತಮ್ಮಾ, ಮದಲ ಒಂದ ನೋಡು. ಸೀಟಿನ ಮ್ಯಾಲ ಭಾರ ಇಲ್ಲಂದ್ರ ಅದು ಇಳಿಯಂಗಿಲ್ಲ, ಹಂಗ ಮಾಡಿರ್ತಾರ ಅದನ್ನ. ಸೀಟ ಮ್ಯಾಲ ಭಾರ ಬೀಳಬೇಕು, ಹಿಡಿಕಿ ಮುಂದ ನೂಕಬೇಕು. ಮಾಡಿ ನೋಡು."

ಗುಡ್ಡಪ್ಪ ಒಳಗೆ ಹೋದ. ದೊಡ್ಡದೊಂದು ಮೆಣಸಿನಕಾಯಿ ಚೀಲ ಹೊತ್ತು ತಂದು ಸೀಟಿನ ಮೇಲೆ ಕೂರಿಸಿದ. ಎದುರಿಗೆ ನಿಂತು ಕಾದ. ಸ್ವಲ್ಪ ಹೊತ್ತು ಬಿಟ್ಟು, "ನೂಕು" ಅಂದ. ಮತ್ತೆ ಹೊರಗೆ ಓಡಿದ.

"ಮಿಸ್ತ್ರೀ, ಭಾರ ಇಟ್ಟೀನ್ರಿ. ಆದ್ರ ನೂಕವಲ್ದು!"

"ಯಾರ ನೂಕವಲ್ರು?"

"ಚೀಲಾ ರೀ."

ನೇಮಣ್ಣ ಫೋನೇ ಒಡೆಯುವ ಹಾಗೆ ಒದರಿದ, "ಚೀಲ ಹೆಂಗ ನೂಕತೈತೋ! ನೀನ ಕುಂಡ್ರು! ಕುಂತು ನೂಕು! ಇಳಿಯೂತನಕ ಎದ್ದೇಳಬ್ಯಾಡ!"

ಗುಡ್ಡಪ್ಪ ಕೂತ, ನೂಕಿದ. ಇಳಿಯಲಿಲ್ಲ. ಹೊರಗೆ ಸ್ಟೂಲಿನ ಮೇಲೆ ಫೋನು ಬಡಕೊಂಡಿತು. ಏಳಲಿಲ್ಲ. ನಿಂತಿತು, ಮತ್ತೆ ಬಡಕೊಂಡಿತು. ಏಳಲಿಲ್ಲ!

"ಫೋನ್ ಬಂತಲ್ಲೋ!"

"ಇಳಿಯೂತನಕ ಎದ್ದೇಳಬ್ಯಾಡ ಅಂದಾರ."

"ಅದು ಅವಂದ ಫೋನೋ! ನನ್ನ ಜೀವಾ ಇರೂದ ಆ ಫೋನಿನಾಗ!" ಆಕೆಯ ಧ್ವನಿ ಆಗಲೇ ತೆಳ್ಳಗಾಗಿತ್ತು. "ಫೋನ್ ಬಡಕೊಂಡ್ರ ಕೈಯಾಗಿನ ಕೆಲಸ ಬಿಟ್ಟು ಓಡಬೇಕು! ಏನ ಕೆಲಸ ಇರಲಿ, ಬಿಟ್ಟು ಓಡಬೇಕು!"

"ಹೂಂ ಬೇ!" ಅಂದು ಓಡಿದ.

ನೇಮಣ್ಣನಿಗೂ ಹೆದರಿಕೆ ಹತ್ತಿತ್ತು. ಚೀಲವನ್ನು ಸೀಟಿಗೆ ಕೂರಿಸಿದವನು ಇನ್ನೇನು ಮಾಡಿಯಾನೋ ಅಂತ ಮತ್ತೆ ಮತ್ತೆ ಫೋನು ಹಚ್ಚಿದ್ದ. "ತಮ್ಮಾ, ಕಂಬದ ಬುಡದಾಗ ಎಣ್ಣಿ ಪೈಪಿನ ದೊಡ್ಡ ನಟ್ಟು ಐತಿ. ಅದನ್ನ ಸಡ್ಲ ಮಾಡಿಗೀಡೀಯ! ಪಾನಾ ತಗೊಂಡು ಸಡ್ಲ ಮಾಡಿಗೀಡೀಯ ನೋಡು!"

ನಮಗೆ ತಿಳಿಯುತ್ತದೆ, ಮಾಡಿಗೀಡೀಯ ಅಂದರೆ ಮಾಡಬೇಡ, ಜೋಕೆ ಅಂತ. ಆ ನಟ್ಟು ಸಡಿಲಾದರೆ ಎಣ್ಣೆಯ ಬಲ ಒಮ್ಮೆಲೇ ಹೋಗಿ, ಕೋಡು, ಹಲಗೆ, ಹಲಗೆಯ ಮೇಲಿದ್ದ ಅವ್ವ, ಎಲ್ಲವೂ ಧೊಪ್ಪಂತ ನೆಲಕ್ಕೆ. ಗುಡ್ಡಪ್ಪನಿಗೆ ತಿಳಿದದ್ದು ಇಷ್ಟು: ಪಾನಾ ತಗೊಳ್ಳಬೇಕು, ನಟ್ಟು ಸಡಿಲ ಮಾಡಬೇಕು, ಒಂದಕ್ಷರ ಬಿಡಬಾರದು.

ಪೆಟ್ಟಿಗೆಯಿಂದ ನಟ್ಟು ತಿರುವುವ ಮೊಳದುದ್ದದ ಪಾನಾ ತೆಗೆದ. ಕಂಬದ ಬುಡದಲ್ಲಿ ಕೂತ. ಹಲಗೆಯ ಕೆಳಗೇ ಕೂತ, ಬಿದ್ದರೆ ಅವನ ತಲೆಯ ಮೇಲೆಯೇ!

"ಏನ ಮಾಡಾಕತ್ತಿಯೋ?"

"ನಟ್ಟು ಸಡ್ಲ ಮಾಡಾಕತ್ತೀನಿ. ಮಿಸ್ತ್ರಿ ಹೇಳ್ಯಾನ."

ಫಕ್ಕೀರವ್ವ ಬಗ್ಗಿ ನೋಡಿದಳು. ಗಾಡಿಯ ವಿದ್ಯೆ ಆಕೆಗೆ ಗೊತ್ತಿಲ್ಲ. ಆದರೆ ತನ್ನ ಕೆಳಗಿನದನ್ನು ಬಿಚ್ಚಿದರೆ ಏನಾಗುತ್ತದೆ ಅಂತ ತಿಳಿಯಲಿಕ್ಕೆ ಮಿಸ್ತ್ರಿ ಆಗಬೇಕೇ? "ಬ್ಯಾಡೋ! ಮಗನ, ಬ್ಯಾಡೋ! ನಾನೂ ಸಾಯ್ತೀನಿ, ನೀನೂ ಸಾಯ್ತೀ!"

"ಅಂವ ಹೇಳಿದ್ದನ್ನ ಒಂದಕ್ಷರ ಬಿಡಬ್ಯಾಡ ಅಂದ್ಯಲ್ಲಬೇ."

ಪಾನಾ ನಟ್ಟಿಗೆ ಕೂತಿತು. ಗುಡ್ಡಪ್ಪ ಎರಡೂ ಕೈ ಹಚ್ಚಿದ, ಕಾಲು ಊರಿದ, ಉಸಿರು ಹಿಡಿದ. ಫಕ್ಕೀರವ್ವ ಕಣ್ಣು ಮುಚ್ಚಿ ಮನೆದೇವರು ಗುಡ್ಡದಯ್ಯನನ್ನು ನೆನೆದಳು.

ಹೊರಗೆ ಫೋನು ಬಡಕೊಂಡಿತು.

ಗುಡ್ಡಪ್ಪ ಪಾನಾ ಬಿಸಾಕಿ ಓಡಿದ! ಏನ ಕೆಲಸ ಇರಲಿ, ಬಿಟ್ಟು ಓಡಬೇಕು ಅಂದಿದ್ದಳಲ್ಲ. ಫೋನಿನಲ್ಲಿ ಮಿಸ್ತ್ರಿ ಅಲ್ಲ. ಯಾವಳೋ ಹೆಣ್ಣುಮಗಳು ಬಲು ಮಧುರವಾಗಿ, ನಿಮ್ಮ ಮೆಚ್ಚಿನ ಹಾಡನ್ನು ಫೋನಿಗೆ ಹಾಕಿಕೊಳ್ಳಲು ಒಂದನ್ನು ಒತ್ತಿ ಅಂತ ಹೇಳುತ್ತಿದ್ದಳು. ಗುಡ್ಡಪ್ಪ ಒಂದನ್ನು ಒತ್ತಿದ. ಎರಡನ್ನು ಒತ್ತಿ ಅಂದಳು, ಎರಡನ್ನೂ ಒತ್ತಿದ. ಆ ಹಾಳು ಫೋನುಗಳಿಗೆ ನಾನು ದಿನಾ ಬೈಯುತ್ತೇನೆ, ಅವತ್ತೊಂದು ದಿನ ಬೈಯುವುದಿಲ್ಲ. ಅದು ಮುಗಿಯುವುದರೊಳಗೆ ನೇಮಣ್ಣನ ಫೋನು ಬಂತು. ಅವನು ಈಗ ಖಾದರಸಾಬನ ಹಿಂದೆ ಬೈಕಿನ ಮೇಲಿದ್ದ.

"ನಟ್ಟು ಮುಟ್ಟಿಲ್ಲ ಹೌದಲ್ಲೋ?"

"ಮುಟ್ಟಿದ್ದೆ ರೀ. ತಿರುವೂದರಾಗ ಯಾರೋ ಅಕ್ಕಾರು ಫೋನ್ ಮಾಡಿದ್ರು."

"ಪಾನಾ ಮುಟ್ಟಬ್ಯಾಡೋ! ದೇವರಾಣಿ ಮುಟ್ಟಬ್ಯಾಡ!" ನೇಮಣ್ಣ ಬೈಕಿನ ಮೇಲೆಯೇ ಬೆವೆತ. ಗಾಳಿಯಲ್ಲಿ ಅವನ ಮಾತು ಹರಿದು ಹರಿದು ಬರುತ್ತಿತ್ತು. "ಎಣ್ಣಿ ಥಂಡಿಗೆ ಗಟ್ಟಿ ಆಗೇತೋ... ಇಲ್ಲಾ ಒಳಗ ಗಾಳಿ ಹೊಕ್ಕೇತಿ... ಗಾಳಿ ಹೊಕ್ಕಿದ್ರ ಗಾಳಿ ಬಿಡಸಬೇಕು..." ಅಷ್ಟಕ್ಕೆ ಕಟ್ಟಾಯಿತು. ನಾ ಬಂದು ಬಿಡಿಸ್ತೀನಿ ಅನ್ನುವ ಮಾತು ರಸ್ತೆಯಲ್ಲೇ ಬಿತ್ತು.

ಗುಡ್ಡಪ್ಪನ ಮುಖ ಅರಳಿತು. ಗಾಳಿ ಹೊಕ್ಕಿದೆ! ಅಷ್ಟೇ ಏನು! ಅವನ ಓಣಿಯಲ್ಲಿ ಯಾರಿಗೆ ದೆವ್ವದ ಗಾಳಿ ಹೊಕ್ಕರೂ ಅಜ್ಜನೊಬ್ಬ ಬಂದು ಬಿಡಿಸುತ್ತಿದ್ದ. ಗುಡ್ಡಪ್ಪ ಎಷ್ಟೋ ಸಲ ನೋಡಿದ್ದ. ಗೇಟಿನ ಬಳಿಯ ಬೇವಿನ ಟೊಂಗೆ ಮುರಿದ. ಕಾವಲುಗಾರನ ಒಲೆಯ ಕೆಂಡವನ್ನು ಹಂಚಿಗೆ ಸುರುವಿಕೊಂಡ. ಬುತ್ತಿಯ ಉಪ್ಪು ತಂದ. ಮೆಣಸಿನಕಾಯಿಗೆ ಬರವೇ? ಸೀಟಿನ ಮೇಲಿಂದ ಇಳಿಸಿದ್ದ ಚೀಲದ ಬಾಯಿ ಬಿಚ್ಚಿ ಬೊಗಸೆ ಬೊಗಸೆ ಹಾಕಿದ. ಅಜ್ಜ ಬಾಗಿಲು ಹಾಕಿಯೇ ಬಿಡಿಸುತ್ತಿದ್ದ, ಇವನೂ ಬಾಗಿಲು ಹಾಕಿದ!

ಘಾಟು ಎದ್ದಿತು. ನಿಮಗೆ ಗೊತ್ತು, ಮನೆಯಲ್ಲಿ ಒಂದು ಕಾಯಿ ಸುಟ್ಟರೆ ಓಣಿಯೆಲ್ಲ ಕೆಮ್ಮುತ್ತದೆ. ಹೊಗೆ ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ. ಮೇಲೆ ಯಾರಿದ್ದಾರೆ?

ಗುಡ್ಡಪ್ಪ ಮೂಗಿಗೆ ವಲ್ಲಿ ಕಟ್ಟಿಕೊಂಡು ಬೇವಿನ ಟೊಂಗೆಯಿಂದ ಕಂಬಕ್ಕೆ ಬಾರಿಸಿದ. "ಯಾರ ನೀನು? ಎಲ್ಲಿಂದ ಬಂದಿ?"

"ಗುಡ್ಡ್ಯಾ... ಖೊಳ್... ಖೊಳ್... ಏನೋ ಇದು..."

"ಮಾತಾಡು! ಇಳೀತಿಯೋ ಇಲ್ಲೋ?"

"ಇಳೀತೀನೋ ಯಪ್ಪಾ! ಇಳಸವಲ್ಲಿ ನೀನು!"

"ಇಳೀತೀನಿ ಅಂತ ಎಲ್ಲಾ ಗಾಳೀನೂ ಹಿಂಗ ಸುಳ್ಳ ಹೇಳತಾವು! ಏನ ಬೇಕ ನಿನಗ? ಕೋಳಿ ಬೇಕೋ?"

ಮೇಲಿನಿಂದ ಕೆಮ್ಮು ಬಂತು, ಆಮೇಲೆ ಕೆಮ್ಮೂ ಬರಲಿಲ್ಲ. ಆಗ ಗುಡ್ಡಪ್ಪ ತಲೆ ಎತ್ತಿ ನೋಡಿದ. ಹೊಗೆಯೊಳಗೆ ಅವ್ವನ ಒಂದು ಕೈ ಹಲಗೆಯಿಂದ ಕೆಳಗೆ ಜೋತುಬಿದ್ದಿತ್ತು.

"ಯವ್ವಾ!"

ಆ ಕೂಗು ಹೇಳಿಸಿಕೊಂಡದ್ದಲ್ಲ, ಅವನದೇ. ಬಹಳ ಹೊತ್ತಿಗೆ ಕೈ ಅಲುಗಿತು. "ಬಾಗ್ಲ ತಗಿ..." ಅಂದಳು. ಉಸಿರೇ ಇಲ್ಲ. "ಕೆಂಡಕ್ಕ ನೀರ ಹಾಕು... ಇನ್ನ ಏನೂ ಮಾಡಬ್ಯಾಡ ನನ್ನಪ್ಪಾ... ಹೋಗಿ ಕುಂಡ್ರು."

ಬಾಗಿಲು ತೆಗೆದ, ಎರಡೂ ರೆಕ್ಕೆ ತೆಗೆದ. ಕೆಂಡಕ್ಕೆ ನೀರು ಹಾಕಿದ. ಏನೂ ಮಾಡಲಿಲ್ಲ. ಹೋಗಿ ಗಾಡಿಯ ಸೀಟಿನ ಮೇಲೆ ಕೂತ. ಅವ್ವ ಸಾಯುತ್ತಾಳೆ, ತಾನೇ ಕೊಂದೆ ಅಂತ ಅವನಿಗೂ ತಿಳಿಯಿತು. ಪೆದ್ದನಿಗೆ ದುಃಖ ತಿಳಿಯುವುದಿಲ್ಲ ಅಂತ ಯಾರು ಹೇಳಿದರು? ಹಿಡಿಕೆಯ ಮೇಲೆ ಹಣೆ ಊರಿ ಹೋ ಅಂತ ಅಳತೊಡಗಿದ. ಬಾಗಿಲಿನಿಂದ ಬ್ಯಾಡಗಿಯ ಮಧ್ಯಾಹ್ನದ ಬಿಸಿಗಾಳಿ ಒಳಗೆ ನುಗ್ಗಿತು. ಹೊಗೆ ಹೋಯಿತು, ಚಳಿ ಹೋಯಿತು. ಅವನು ಅಳುತ್ತಲೇ ಇದ್ದ, ಆ ದೊಡ್ಡ ತಲೆಯ ಭಾರ ಹಿಡಿಕೆಯನ್ನು ಮುಂದಕ್ಕೆ ನೂಕುತ್ತಲೇ ಇತ್ತು.

ಕಂಬ ಕಿರ್ ಅಂದಿತು. ಒಂದು ಬೆರಳು ಇಳಿಯಿತು. ನಿಂತಿತು. ಒಂದು ಗೇಣು ಇಳಿಯಿತು. ಥಂಡಿಗೆ ಗಟ್ಟಿಯಾಗಿದ್ದ ಎಣ್ಣೆ ಸಡಿಲಾಯಿತು ಅಂತ ಆಮೇಲೆ ತಿಳಿದವರು ಹೇಳಿದರು. ಅದೇನೋ, ಫಕ್ಕೀರವ್ವ ಗೇಣು ಗೇಣಾಗಿ ಕೆಳಗೆ ಬಂದಳು. ಅಟ್ಟಗಳು ಒಂದೊಂದಾಗಿ ಮೇಲಕ್ಕೆ ಹೋದವು. ಮಗನ ತಲೆ ಕಂಡಿತು, ಬೆನ್ನು ಕಂಡಿತು, ಹಲಗೆ ನೆಲಕ್ಕೆ ಕೂತಿತು.

ಗುಡ್ಡಪ್ಪ ತಲೆ ಎತ್ತಿದ. ಎದುರಿಗೇ ಅವ್ವ. ಕಣ್ಣು ಕೆಂಪು, ತುಟಿ ನೀಲಿ, ಜೀವ ಇದೆ.

"ಯವ್ವಾ! ನೀ ಕೆಳಗ ಬಂದ್ಯಾ! ಖಾದರಣ್ಣ ಬೈತಾನ!"

ಫಕ್ಕೀರವ್ವ ಬೈಯಲಿಲ್ಲ. ಬೈಯಲಿಕ್ಕೆ ಉಸಿರು ಇರಲಿಲ್ಲ, ಮನಸ್ಸೂ ಇರಲಿಲ್ಲ. ಅವನು ಓಡಿ ಹತ್ತಿರ ಬಂದ. ಸೆಟೆದ ಕೈಯಿಂದ ಅವನ ಮುಖದ ನೀರು ಒರೆಸಿದಳು. ಒರೆಸಿದ ಕೈಗೆಲ್ಲ ಮೆಣಸಿನ ಖಾರ, ಅವನು ಇನ್ನಷ್ಟು ಅತ್ತ. ಏಳಬೇಕೆಂದರೆ ಆಕೆಯ ಕಾಲು ಕೇಳಲಿಲ್ಲ. ಹಲಗೆಯ ಮೇಲೆಯೇ ಕೂತಳು.

ಅಷ್ಟರಲ್ಲಿ ಬೈಕ್ ಬಂತು. ಖಾದರಸಾಬ ಒಳಗೆ ಇಣುಕಿ, ಆಕೆ ಕೆಳಗೆ ಇರುವುದನ್ನು ಕಂಡು, "ಯಾ ಅಲ್ಲಾ!" ಅಂತ ಎದೆ ಹಿಡಿದುಕೊಂಡ. "ನಾ ಬಿಸಿ ಚಹಾ ತರ್ತೀನಿ ಅಕ್ಕಾ, ಈಗ ಬಂದೆ!" ಅಂದು ನಿಂತ ಕಾಲಲ್ಲೇ ಬೈಕ್ ತಿರುಗಿಸಿದ. ನೇಮಣ್ಣ ಹಲಗೆಯ ಮೇಲೆ ಹತ್ತಿದ. ಫಕ್ಕೀರವ್ವನ ಪಕ್ಕಕ್ಕೆ ಕೂತು ಆಕೆಯ ಪಾದ ತಿಕ್ಕಿದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿಸ್ತ್ರಿ ಮಿಸ್ತ್ರಿಯೇ. ಕೆಟ್ಟದ್ದನ್ನು ಕಣ್ಣಾರೆ ನೋಡದೆ ಅವರಿಗೆ ಸಮಾಧಾನ ಇಲ್ಲ. ತಿಕ್ಕುತ್ತ ತಿಕ್ಕುತ್ತ ಬಾಯಿಂದ ಮಾತು ಬಿಟ್ಟ.

"ಹೆಂಗ ಸಿಕ್ಕಿತ್ತೋ ತಮ್ಮಾ? ಹೆಂಗ ಇತ್ತೋ ಹಂಗ ಒಮ್ಮೆ ಮಾಡಿ ತೋರಸು ನೋಡೂಣು."

ಬೆಳಗಿನಿಂದ ಗುಡ್ಡಪ್ಪನಿಗೆ ಗೊತ್ತಿದ್ದದ್ದನ್ನು ಯಾರೂ ಕೇಳಿರಲಿಲ್ಲ! ಓಡಿ ಹೋಗಿ ಬಾಗಿಲು ಹಾಕಿದ, ಆಗ ಹಾಕಿತ್ತಲ್ಲ. ಗಾಡಿ ಹತ್ತಿ ಕೂತ. ಹಿಡಿಕೆ ಹಿಂದಕ್ಕೆ ಎಳೆದ.

"ಬ್ಯಾಡೋ—" ಅಂದಳು ಅವ್ವ, ಆಗಲೇ ಎರಡನೆಯ ಅಟ್ಟದಿಂದ.

"ಏ! ಏ! ಏ!" ಅಂದ ಮಿಸ್ತ್ರಿ, ನಾಲ್ಕನೆಯ ಅಟ್ಟದಿಂದ.

ಧಡಲ್!

"ಹಿಂಗ ಸಿಕ್ಕಿತ್ತು ನೋಡ್ರಿ!" ಅಂದ ಗುಡ್ಡಪ್ಪ ಖುಷಿಯಿಂದ. ಹಿಡಿಕೆ ಮುಂದಕ್ಕೆ ನೂಕಿ ತೋರಿಸಿದ. ಖರೆ, ಹಾಗೇ ಸಿಕ್ಕಿತ್ತು. ಒಂದು ಬೆರಳೂ ಇಳಿಯಲಿಲ್ಲ.

ನೇಮಣ್ಣ ಹಲಗೆಯ ಮೇಲೆ ಬೋರಲು ಬಿದ್ದು ಕೆಳಗೆ ನೋಡಿದ. ಗಾಡಿಯ ಬದಿಗೆ ಒಂದು ಸಣ್ಣ ತಿರುಪು ಇದೆ. ಅದನ್ನು ಕೈಯಿಂದ ತುಸುವೇ ತಿರುವಿದರೆ ಎಂಥ ಸಿಕ್ಕಿಬಿದ್ದ ಕಂಬವೂ ಮೆಲ್ಲಗೆ ಇಳಿಯುತ್ತದೆ. ಇಡೀ ತಾಲೂಕಿಗೆ ಅದು ಗೊತ್ತಿದ್ದ ಮನುಷ್ಯ ಅವನೊಬ್ಬನೇ. ಅವನು ಬಾಯಿ ತೆರೆದ.

"ತಮ್ಮಾ, ಅಲ್ಲೆ ಬದೀಗೆ ಒಂದು..."

ಫಕ್ಕೀರವ್ವ ತನ್ನ ತಣ್ಣನೆಯ ಅಂಗೈಯಿಂದ ಮಿಸ್ತ್ರಿಯ ಬಾಯಿ ಗಪ್ಪನೆ ಮುಚ್ಚಿದಳು.

"ಸುಮ್ನಿರ್ರಿ!" ಅಂತ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ಮಾತೂ ಆಡಬ್ಯಾಡ್ರಿ. ಖಾದರಣ್ಣ ಚಹಾ ತರೂತನಕ ಉಸಿರ ಸೈತ ಬಿಡಬ್ಯಾಡ್ರಿ!"

ಕೆಳಗೆ ಗುಡ್ಡಪ್ಪ ಕಿವಿಗೆ ಕೈ ಹಚ್ಚಿಕೊಂಡು ಮೇಲೆ ನೋಡುತ್ತ ನಿಂತಿದ್ದ.

"ಏನಂದ್ರೀ? ಬದೀಗೆ ಒಂದು ಏನ್ರೀ? ಜೋರಾಗಿ ಹೇಳ್ರಿ, ಈಗ ಮಾಡ್ತೀನಿ! ಯವ್ವಾ, ನೀನರ ಹೇಳಬೇ!"

ಫಕ್ಕೀರವ್ವ ಇನ್ನೊಂದು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.